ಕೊನೆಗೆ ಬಂದವನ ಸರದಿ

ನಮ್ಮ ಪ್ರಾರ್ಥನಾ ಮಂದಿರದಿಂದ ಒಂದು ಸ್ಮರಣ ಸಂಚಿಕೆ ತರುತ್ತಾರಂತೆ. ಅದರಲ್ಲಿ ‘ನಮ್ಮ ಮುಂದಾಳುಗಳು’ ಎಂಬ ಭಾಗಕ್ಕೆ ಮೇಸ್ತ್ರಿಯವರ ಬಗ್ಗೆ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಅವರನ್ನು ಹತ್ತಿರದಿಂದ ಬಲ್ಲವರಲ್ಲಿ ಪೆನ್ನು ಹಿಡಿಯಲು ಬರುವವನು ಈಗ ನಾನೊಬ್ಬನೇ ಉಳಿದಿದ್ದೇನೆ. ಒಪ್ಪಿಕೊಂಡೆ. ಹೆಸರು ಹಾಕಬೇಡಿ ಎಂದು ಅವರ ಮಗಳು ಹೇಳಿದ್ದಾಳೆ. “ಅಪ್ಪಂಗೆ ಅದೆಲ್ಲ ಆಗ್ತಿರ್ಲಿಲ್ಲ ಚಿಕ್ಕಪ್ಪ” ಎಂದಳು. ಹಾಗಾಗಿ ಮೇಸ್ತ್ರಿ ಎಂದೇ ಬರೆಯುತ್ತೇನೆ. ಕೋಲಾರದ ಚಿನ್ನದ ಗಣಿಯ ನಂದಿದುರ್ಗ ಭಾಗದ ಲೈನ್ ಮನೆಗಳಲ್ಲಿ, ಆ ಕಾರ್ಮಿಕರ ಸಾಲುಮನೆಗಳಲ್ಲಿ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಭಾನುವಾರ ಬೈಬಲ್ ಪಾಠ ಓದಿ ಪ್ರಾರ್ಥನೆ ನಡೆಸುವ ಉಪದೇಶಿ ಅವರೇ ಆಗಿದ್ದರೂ ಯಾರ ಬಾಯಲ್ಲೂ ಉಪದೇಶಿ ಎಂದು ಬರಲಿಲ್ಲ.

ಅವರು ತೀರಿಕೊಂಡದ್ದು ಹೋದ ವರ್ಷ. ನನಗೆ ಅಳು ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಬರಬೇಕಾದದ್ದು ಬರದೆ ನಿಂತಿದೆ ಎಂಬುದು ಮಾತ್ರ ಗೊತ್ತಾಗುತ್ತದೆ, ಬಹಳ ಹೊತ್ತು ಮಡಿಚಿ ಕೂತ ಕಾಲಿನ ಹಾಗೆ.

ಮೇಸ್ತ್ರಿ ಕುಳ್ಳಗಿದ್ದರು. ಕುತ್ತಿಗೆ ಸ್ವಲ್ಪ ಹಿಂದಕ್ಕೆ ವಾಲಿ, ಗಲ್ಲ ಮೇಲಕ್ಕೆ ಎದ್ದಿರುತ್ತಿತ್ತು. ಗೊತ್ತಿಲ್ಲದವರು ಜಂಬ ಎಂದುಕೊಳ್ಳುತ್ತಿದ್ದರು. ಗಣಿಯೊಳಗೆ ಸುರಂಗದ ಮೇಲ್ಭಾಗ ಕುಸಿಯದಂತೆ ಮರದ ದಿಮ್ಮಿಗಳನ್ನು ನಿಲ್ಲಿಸುವ ತಂಡಕ್ಕೆ ಅವರು ಮೇಸ್ತ್ರಿ. ವರ್ಷಗಟ್ಟಲೆ ತಲೆಯ ಮೇಲಿನ ಬಂಡೆ ನೋಡಿ ನೋಡಿ ಕುತ್ತಿಗೆ ಹಾಗಾಗಿತ್ತು. ಮದುವೆಮನೆಯ ಶಾಮಿಯಾನದ ಕೆಳಗೆ ಕೂತರೂ ಒಮ್ಮೆ ಮೇಲೆ ನೋಡಿಯೇ ಎಲೆಗೆ ಕೈ ಹಾಕುತ್ತಿದ್ದರು. “ಬಟ್ಟೆ ಮೇಸ್ತ್ರಣ್ಣ, ಬಿದ್ರೂ ಏನಾಗಲ್ಲ” ಎಂದು ಹುಡುಗರು ರೇಗಿಸಿದರೆ, “ಬಟ್ಟೆ ಸರಿ ಕಣ್ಲಾ, ಅದ್ರ ಮ್ಯಾಲಿರೋ ಬೊಂಬು ನಿಮ್ಮಪ್ಪ ಇಡ್ಕಂತಾನಾ?” ಎನ್ನುತ್ತಿದ್ದರು.

ನಾನು ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ಕಾಮಸಮುದ್ರದ ಕಡೆಯ ಹಳ್ಳಿಯಿಂದ ನಮ್ಮಪ್ಪ ಗಣಿ ಕೆಲಸಕ್ಕೆ ಬಂದವರು. ನಾನು ಹೈಸ್ಕೂಲು ಮುಗಿಸಿದ್ದರಿಂದ ಬೆಳಕಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಪಾಳಿಗೆ ಇಳಿಯುವವರ ಹಾಜರಿಯ ನಂಬರು ಬಿಲ್ಲೆ ತೆಗೆದುಕೊಳ್ಳುವುದು, ಮೇಲೆ ಬಂದವರಿಗೆ ಕೊಡುವುದು. ಕೊನೆಯ ಮನುಷ್ಯ ಮೇಲೆ ಬರುವವರೆಗೂ ಎದ್ದು ಹೋಗುವಂತಿರಲಿಲ್ಲ.

ಒಂದು ಸಲ ಹಾಜರಿಯ ತಕರಾರೊಂದಕ್ಕೆ ನಾನೇ ಕೆಳಗೆ ಇಳಿಯಬೇಕಾಯಿತು. ಮೇಸ್ತ್ರಿ ನನ್ನ ಮುಂದೆ ನಡೆದರು. ಕೈಯಲ್ಲಿ ಉದ್ದನೆಯ ಕಬ್ಬಿಣದ ಸರಳು. ನಾಲ್ಕು ಹೆಜ್ಜೆ ಹಾಕುವುದು, ನಿಂತು ಮೇಲಿನ ಕಲ್ಲಿಗೆ ಸರಳು ತಾಗಿಸಿ ಕಿವಿಗೊಡುವುದು, ಮತ್ತೆ ನಡೆಯುವುದು.

“ನನ್ ಎಜ್ಜೆ ಮ್ಯಾಲೆ ಎಜ್ಜೆ ಇಕ್ಕೊಂಡ್ ಬಾ ತಂಬಿ” ಎಂದರು. ತನಗಿಂತ ಚಿಕ್ಕವರನ್ನೆಲ್ಲ ಅವರು ತಮಿಳಿನವರ ಹಾಗೆ ತಂಬಿ ಎನ್ನುತ್ತಿದ್ದರು. “ಟಣ್ ಅಂದ್ರೆ ಕಲ್ಲು ಗಟ್ಟಿ. ಡಬ್ ಅಂದ್ರೆ ಒಳಗೆ ಬಿಟ್ಕಂಡದೆ. ಓಡೋದೇ.”

“ಯಾವ ಕಡೆ ಓಡೋದು?”

“ಬಂದ ಕಡೀಕೇ. ಅದ್ಕೇ ನಿನ್ನ ಇಂದೆ ಇಕ್ಕಿರೋದು. ಒಳೀಕ್ ಓಗೋವಾಗ ನಾನು ಮುಂದೆ. ಓಡೋವಾಗ ನೀನು ಮುಂದೆ.”

ಆಗ ನಕ್ಕೆ. ಮೇಲೆ ಬರುವಾಗ ಜನರನ್ನು ಎತ್ತುವ ಕೇಜಿನಲ್ಲಿ ಜಾಗವಿದ್ದರೂ ಅವರು ಹತ್ತಲಿಲ್ಲ. ತಂಡದವರನ್ನೆಲ್ಲ ಕಳಿಸಿ ಕೊನೆಯ ಕೇಜಿಗೆ ಬಂದರು. ಅವರ ಬಿಲ್ಲೆ ಯಾವಾಗಲೂ ನನ್ನ ಕೈಯಿಂದ ಕೊನೆಗೆ ಹೋಗುತ್ತಿತ್ತು ಎಂಬುದು ಅವತ್ತು ಹೊಳೆಯಿತು. ಎಷ್ಟೋ ವರ್ಷ ಕೊಟ್ಟಿದ್ದರೂ ಯೋಚಿಸಿರಲಿಲ್ಲ.

ನಮ್ಮ ಮಂದಿರ ಲೈನಿನ ಕೊನೆಯಲ್ಲಿ, ಚಿನ್ನ ತೆಗೆದು ಉಳಿದ ಕಲ್ಲುಪುಡಿ ಸುರಿದ ಸೈನೈಡ್ ಗುಡ್ಡದ ಕಡೆಗೆ. ತಗಡಿನ ಚಾವಣಿ. ಗಾಳಿ ಎದ್ದ ದಿನ ಬೂದಿಯಂಥ ಮಣ್ಣು ಬೆಂಚುಗಳ ಮೇಲೆ ಕೂತಿರುತ್ತಿತ್ತು. ಮೇಸ್ತ್ರಿ ಪಾಠವನ್ನು ಕನ್ನಡದಲ್ಲಿ ಓದುತ್ತಿದ್ದರು, ಪ್ರಾರ್ಥನೆ ತಮಿಳಿನಲ್ಲಿ ಮಾಡುತ್ತಿದ್ದರು, ಬೈಯುವುದಿದ್ದರೆ ತೆಲುಗು. ಯಾರೋ ಒಬ್ಬರು ಇದು ಯಾವ ಭಾಷೆಯ ಸಭೆ ಎಂದು ಜಗಳ ತೆಗೆದಾಗ, “ಕೆಳಗೆ ಕಲ್ಲು ಬಿದ್ದಾಗ ಅಮ್ಮಾ ಅಂತೀರಲ್ಲ, ಅದು ಯಾವ ಬಾಸೆ?” ಎಂದು ಕೇಳಿ ಪಾಠ ಓದತೊಡಗಿದರು. ಜಗಳ ಮುಗಿಯಲಿಲ್ಲ, ಆದರೆ ಅವತ್ತಿಗೆ ನಿಂತಿತು.

ಪಾಠ ಓದುವಾಗ ಮಾತ್ರ ಮುಂದೆ ನಿಲ್ಲುತ್ತಿದ್ದರು. ಓದಿ ಮುಗಿಸಿ ನಡೆದುಹೋಗಿ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಕಡೆಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಬಂಡೆ ಸಿಡಿಸುವ ಸದ್ದಿಗೆ ಅವರ ಕಿವಿ ಅರ್ಧ ಹೋಗಿತ್ತು. ಹಾಡನ್ನು ಯಾರಾದರೂ ಎತ್ತಬೇಕು, ಅವರು ತುಟಿ ನೋಡಿಕೊಂಡು ಹಿಂದಿನಿಂದ ಸೇರುತ್ತಿದ್ದರು. ಎಲ್ಲರೂ ಮುಗಿಸಿದ ಮೇಲೂ ಅವರದೊಂದು ದನಿ ಕೊನೆಯ ಸಾಲು ಹಾಡುತ್ತಿರುತ್ತಿತ್ತು. ಹೊಸದಾಗಿ ಬಂದವರು ತಿರುಗಿ ನೋಡುತ್ತಿದ್ದರು. ಹಳಬರು ಕಾಯುತ್ತಿದ್ದರು. ಅವರ ಆಮೆನ್ ಬಂದ ಮೇಲೆಯೇ ನಮ್ಮ ಪ್ರಾರ್ಥನೆ ಮುಗಿದ ಹಾಗೆ.

ಡ್ರಿಲ್ಲಿಂಗ್ ಕೆಲಸದವನೊಬ್ಬ ಸಭೆಯವರ ಮೇಲೆ ಮುನಿಸಿಕೊಂಡು ಬರುವುದನ್ನು ಬಿಟ್ಟ. ಅವನು ಕುಡಿಯುತ್ತಿದ್ದ, ಅದನ್ನು ಯಾರೋ ಎಲ್ಲರೆದುರು ಆಡಿದ್ದರು. ಮುಂದಿನ ಭಾನುವಾರ ಮೇಸ್ತ್ರಿಯೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಅವನ ಮನೆಯ ಮೆಟ್ಟಿಲ ಮೇಲೆ ಕೂತು ಅವನ ಹೆಂಡತಿಯ ಜೊತೆ ಬೆಳ್ಳುಳ್ಳಿ ಬಿಡಿಸುತ್ತಿದ್ದಾರೆ. ಅವನು ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ.

“ಎಲ್ಲರೂ ಕಾಯ್ತಾ ಇದ್ದಾರೆ ಮೇಸ್ತ್ರಣ್ಣ. ಆರಾಧನೆ ಯಾರು ನಡೆಸೋದು?”

“ನೀನೇ ನಡೆಸು ಓಗು. ಓದಾಕೆ ಬತ್ತದಲ್ಲ.”

“ನೀವು?”

“ಇವ್ನು ಎದ್ದಾಗ ಬತ್ತೀನಿ. ಇವ್ನ ಇಂದೆ ಬತ್ತೀನಿ.”

ಅವನು ಏಳಲು ಎಷ್ಟೋ ಭಾನುವಾರ ಹಿಡಿಯಿತು. ಅಷ್ಟು ದಿನವೂ ಪಾಠ ಓದಿದವನು ನಾನು. ಮುಂದೆ ನಿಂತಾಗ ಎಲ್ಲರ ಮುಖವೂ ಒಟ್ಟಿಗೆ ನನ್ನ ಕಡೆ ತಿರುಗಿರುವುದನ್ನು ನಾನು ಮೊದಲ ಬಾರಿಗೆ ನೋಡಿದ್ದು ಆಗ. ಅದರ ರುಚಿ ನನಗೆ ಹತ್ತಿತು. ಒಂದು ದಿನ ಡ್ರಿಲ್ಲಿಂಗಿನವನು ತಲೆ ತಗ್ಗಿಸಿಕೊಂಡು ಬಾಗಿಲಿಗೆ ಬಂದ, ಅವನ ಬೆನ್ನ ಹಿಂದೆ ಮೇಸ್ತ್ರಿ. ಎಲ್ಲರಿಗೂ ಸಂತೋಷವಾಯಿತು. ನನಗೆ ಆದದ್ದು ಸಂತೋಷವಲ್ಲ. ಓದುತ್ತಿದ್ದ ಪಾಠವನ್ನು ಅರ್ಧಕ್ಕೆ ಬಿಟ್ಟುಕೊಡಬೇಕಲ್ಲ ಎಂದು ಅನಿಸಿತು.

ಈಗ ಕಾಲು ತೊಳೆಯುವ ಗುರುವಾರದ ವಿಷಯ.

ನಮ್ಮ ಸ್ವಾಮಿ ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ತಮ್ಮ ಹನ್ನೆರಡು ಶಿಷ್ಯರ ಕಾಲು ತೊಳೆದರು. ಅದರ ನೆನಪಿಗೆ ಶುಭ ಶುಕ್ರವಾರದ ಹಿಂದಿನ ದಿನ ಕಾಲು ತೊಳೆಯುವ ಪದ್ಧತಿ ಬೇರೆ ಕಡೆಗಳಲ್ಲೂ ಉಂಟು. ಎಲ್ಲ ಕಡೆ ಜನ ಮನೆಯಲ್ಲಿ ಸೋಪು ಹಚ್ಚಿ ತೊಳೆದುಕೊಂಡ ಕಾಲನ್ನೇ ತಂದು ಮುಂದೆ ಚಾಚುತ್ತಾರೆ. ಮೇಸ್ತ್ರಿಯವರಿಗೆ ಅದು ಸರಿಬರಲಿಲ್ಲ. ಹಗಲು ಪಾಳಿ ಮುಗಿಸಿದವರು ಮನೆಗೆ ಹೋಗದೆ ನೇರವಾಗಿ ಮಂದಿರಕ್ಕೆ ಬರಬೇಕು ಎಂದು ಮಾಡಿದರು. ಕೊನೆಯ ಕೇಜಿನಿಂದ ತಾವೂ ನೇರವಾಗಿ ಬಂದು ಬಾಗಿಲ ಮೆಟ್ಟಿಲ ಬಳಿ ಬಕೆಟ್ಟು ಇಟ್ಟುಕೊಂಡು ಕೂರುತ್ತಿದ್ದರು. ಕಾದಿದ್ದವರ ಬೂಟು ಬಿಚ್ಚಿಸಿ, ಗಣಿಯ ಬೂದು ಕೆಸರು ಬೆರಳ ಸಂದಿಯಲ್ಲಿ ಗಟ್ಟಿಯಾಗಿರುವುದನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆಯುತ್ತಿದ್ದರು. “ಏನ್ಲಾ ಇದು, ಕಾಲಾ, ಗೆಣಸಾ?” ಎಂದು ಕೇಳುತ್ತ ತೊಳೆಯುತ್ತಿದ್ದರು. ಕಚಗುಳಿಯಾದವರು ಕಾಲು ಎಳೆದುಕೊಂಡರೆ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದರು.

ಎಲ್ಲರ ಕಾಲೂ ತೊಳೆದಾದ ಮೇಲೆ ಅವರ ಕಾಲನ್ನು ಯಾರು ತೊಳೆಯಬೇಕು? ಎಲ್ಲರಿಗಿಂತ ಕೊನೆಗೆ ಬಂದವನು. ಅದು ಅವರು ಮಾಡಿದ ಇನ್ನೊಂದು ನಿಯಮ. ತಡವಾಗಿ ಬಂದವರಿಗೆ ಎಲ್ಲ ಕಡೆ ಬೈಗುಳ ಸಿಕ್ಕಿದರೆ ನಮ್ಮಲ್ಲಿ ಆ ಕೆಲಸ ಸಿಗುತ್ತಿತ್ತು. ಟೈಮ್ ಆಫೀಸಿನಲ್ಲಿ ಕೊನೆಯ ಬಿಲ್ಲೆ ಹೋಗುವವರೆಗೂ ಕೂತು, ಬಾಗಿಲು ಹಾಕಿ ಬರುವವನು ನಾನು. ಹಾಗಾಗಿ ಪ್ರತಿ ವರ್ಷವೂ ಕೊನೆಯವನು ನಾನೇ. ಗಣಿ ನಡೆಯುತ್ತಿದ್ದಷ್ಟು ಕಾಲವೂ ವರ್ಷಕ್ಕೊಮ್ಮೆ ಮೇಸ್ತ್ರಿಯವರ ಕಾಲನ್ನು ತೊಳೆದವನು ನಾನು.

ಅವರ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ, ದಿಮ್ಮಿ ಬಿದ್ದು ಹೋಗಿತ್ತು. ಬಲಗಾಲಿನ ಹಿಮ್ಮಡಿಯಲ್ಲಿ ಅಡ್ಡವಾಗಿ ಒಂದು ಸೀಳು, ಅದರಲ್ಲಿ ಸದಾ ಬೂದುಬಣ್ಣ, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಒಂದು ಕಾಲು ತೊಳೆದು ಒರೆಸಿ ಕೆಳಗಿಟ್ಟ ಕೂಡಲೇ ಇನ್ನೊಂದು ಕಾಲು ಕೇಳುವ ಮೊದಲೇ ನನ್ನ ಕೈಗೆ ಬರುತ್ತಿತ್ತು. ಒಮ್ಮೆ ಹಿಮ್ಮಡಿಯ ಸೀಳು ಹಿಂದಿನ ವರ್ಷಕ್ಕಿಂತ ದೊಡ್ಡದಾಗಿದೆ ಎಂದೆ. “ಔದಾ? ನಂಗೇ ಗೊತ್ತಿಲ್ಲ ನೋಡು” ಎಂದು ಬಗ್ಗಿ ನೋಡಿಕೊಂಡರು. ಮಾರನೆಯ ವಾರ ಅದಕ್ಕೆ ಮೇಣ ಕಾಯಿಸಿ ಹಚ್ಚಿದ್ದರು.

ಗಣಿ ಮುಚ್ಚಿತು. ಆ ಕಥೆ ಎಲ್ಲರಿಗೂ ಗೊತ್ತು. ಲೈನಿನ ಗಂಡಸರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರತೊಡಗಿದರು. ನಾನೂ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿಗೆ ಸೇರಿದೆ. ರೈಲಿಗೆ ಅನುಕೂಲವೆಂದು ಬಂಗಾರಪೇಟೆಯಲ್ಲಿ ಮನೆ ಮಾಡಿದೆ. ಮೇಸ್ತ್ರಿ ನಂದಿದುರ್ಗದಲ್ಲೇ ಉಳಿದರು. ಭಾನುವಾರದ ಪ್ರಾರ್ಥನೆಯನ್ನು ಸಂಜೆಗೆ ಹಾಕಿದರು, ಭಾನುವಾರವೂ ಕೆಲಸಕ್ಕೆ ಹೋಗುವವರು ಇಳಿದು ಬರಲಿ ಎಂದು.

ಕಾವಲಿನ ಕೆಲಸ ಬಿಟ್ಟ ಮೇಲೆ ನಾನು ಸಭೆಯ ಕಾರ್ಯದರ್ಶಿಯಾದೆ. ಮೇಸ್ತ್ರಿಯವರೇ ನನ್ನ ಹೆಸರು ಹೇಳಿದ್ದು. ಬಂಗಾರಪೇಟೆಯಿಂದ ತಿಂಗಳಿಗೊಮ್ಮೆ ಬರುವ ಪಾಸ್ಟರು ನನ್ನನ್ನು ಒಂದು ನಾಯಕತ್ವದ ಶಿಬಿರಕ್ಕೆ ಕಳಿಸಿದರು. ಕೊರಳಿಗೆ ಬಿಲ್ಲೆ ಹಾಕಿದರು, ಊಟ ಚೆನ್ನಾಗಿತ್ತು. ಜನರನ್ನು ಹೇಗೆ ಒಟ್ಟುಗೂಡಿಸಬೇಕು, ವೇದಿಕೆಯಲ್ಲಿ ಹೇಗೆ ನಿಲ್ಲಬೇಕು, ಎಲ್ಲ ಹೇಳಿಕೊಟ್ಟರು. ವಾಪಸು ಬಂದು ಮೇಸ್ತ್ರಿಯವರಿಗೆ ವಿವರಿಸಿದೆ. ಕಿವಿಗೆ ಕೈ ಅಡ್ಡ ಹಿಡಿದು ಪೂರ್ತಿ ಕೇಳಿದರು.

“ಒಳ್ಳೇದೇ ಯೋಳವ್ರೆ” ಎಂದರು. “ಇಂದೆ ಎಂಗೆ ನಡೀಬೇಕು ಅಂತ ಯಾವತ್ತು ಯೋಳ್ಕೊಡ್ತಾರಂತೆ?”

“ಅದಕ್ಕೆಲ್ಲ ಶಿಬಿರ ಇರಲ್ಲ ಮೇಸ್ತ್ರಣ್ಣ.”

“ಅದೇ ಕಷ್ಟ ಕಣ್ ತಂಬಿ” ಎಂದರು. ಅಷ್ಟೇ.

ನಾನು ಮಂದಿರಕ್ಕೆ ವೇದಿಕೆ ಕಟ್ಟಿಸಿದೆ, ಮೈಕು ತರಿಸಿದೆ. ಹಾಡಿನ ಕೊನೆಗೆ ಮೇಸ್ತ್ರಿಯವರ ದನಿ ಉಳಿಯುತ್ತಿತ್ತಲ್ಲ, ಮೈಕು ಬಂದ ಮೇಲೆ ಅದು ಕೇಳಿಸದಾಯಿತು. ಕಾಲು ತೊಳೆಯುವುದನ್ನೂ ವೇದಿಕೆಗೆ ತಂದೆ. ಹನ್ನೆರಡು ಕುರ್ಚಿ, ಹನ್ನೆರಡು ಬಿಳಿ ಟವಲು, ಹೊಸ ಬೇಸಿನ್ನು. ಕೂರುವವರನ್ನು ನಾನೇ ಆರಿಸುತ್ತಿದ್ದೆ. ಇಸ್ತ್ರಿ ಮಾಡಿದ ಪ್ಯಾಂಟಿನವರು, ಹೊರಗಿನಿಂದ ಬಂದ ಗಣ್ಯರು. ಎಲ್ಲರೂ ಸೋಪು ಹಚ್ಚಿ ತೊಳೆದುಕೊಂಡು ಬಂದಿರುತ್ತಿದ್ದರು. ಕೊನೆಗೆ ಬಂದವನ ಸರದಿ ಎಂಬುದು ತಾನಾಗಿ ನಿಂತುಹೋಯಿತು. ಯಾರೂ ಕೇಳಲಿಲ್ಲ. ಮೇಸ್ತ್ರಿಯೂ ಕೇಳಲಿಲ್ಲ. ಆದರೆ ಆ ಹೊತ್ತಿನಿಂದ ನನ್ನನ್ನು ‘ನೀವು’ ಎನ್ನತೊಡಗಿದರು. ಅದನ್ನು ನಾನು ಗೌರವ ಎಂದುಕೊಂಡೆ.

ಅವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ದಿನವಾಗಿತ್ತು. ಎಡಗಾಲಿನ ಬೆರಳಿನ ಹತ್ತಿರ ಒಂದು ಗಾಯವಾಗಿ ಮಾಯದೆ ಉಳಿದಿತ್ತು. ಕಣ್ಣೂ ಮಂಜು. ಒಂದು ವರ್ಷ ಆ ಗುರುವಾರಕ್ಕೆ ಇನ್ನೇನು ಕೆಲವೇ ದಿನ ಇರುವಾಗ ಅವರು ನಂದಿದುರ್ಗದಿಂದ ಬಸ್ಸು ಹತ್ತಿ ಬಂಗಾರಪೇಟೆಯ ನಮ್ಮ ಮನೆಗೆ ಬಂದರು. ಕೈಯಲ್ಲಿ ಕೋಲು, ಕಾಲಿಗೆ ಬಟ್ಟೆ ಸುತ್ತಿತ್ತು. ನನ್ನ ಹೆಂಡತಿ ಕಾಫಿ ಕೊಟ್ಟಳು. ಅವರು ಮೊದಲು ಮೇಲೆ ತಾರಸಿ ನೋಡಿದರು, ಆಮೇಲೆ ಲೋಟ ತೆಗೆದುಕೊಂಡರು.

“ಸೆಕ್ರೆಟ್ರಿಗಳೇ, ಗುರುವಾರ ಕಾಲು ತೊಳಿಯೋದು ನೀವೇ ಅಲ್ವಾ?”

“ಪಾಸ್ಟರೂ ನಾನೂ.”

“ಈ ಸಲ ನಂದೂ ಒಂದ್ ಕಿತ ತೊಳೀರಿ.”

“ಹನ್ನೆರಡು ಜನಕ್ಕೂ ಆಗಲೇ ಹೇಳಿಬಿಟ್ಟಿದ್ದೀವಿ ಮೇಸ್ತ್ರಣ್ಣ.”

“ಅದಿಮೂರ್ನೇವ್ನಾಗಿ ಕೂತ್ಕಂತೀನಿ. ಕುರ್ಚಿ ಬ್ಯಾಡ, ಬಕೆಟ್ಟು ಬೋರ್ಲಾಕಿ.”

ನನ್ನ ಹೆಂಡತಿ ನಕ್ಕಳು. ನಾನು ನಗಲಿಲ್ಲ. “ಗಾಯ ಇದೆಯಲ್ಲ, ನೀರು ತಾಗಿಸಬಾರದು” ಎಂದೆ.

“ನೀರು ಬ್ಯಾಡ ಬುಡಿ. ಬಟ್ಟೆ ಬಿಚ್ಚಿ ನೀವು ಒಂದ್ ಕಿತ ನೋಡಿದ್ರೂ ಸಾಕು.” ಕೋಲಿನ ತುದಿಯಿಂದ ತಮ್ಮ ಕಾಲನ್ನು ತಟ್ಟಿಕೊಂಡರು. “ಇದು ನಂದೋ ಬ್ಯಾರೇವ್ರದೋ ತಿಳೀತಿಲ್ಲ. ತಟ್ಟಿದ್ರೆ ಡಬ್ ಅಂತದೆ” ಎಂದು ನಕ್ಕರು.

ಆ ವರ್ಷ ಕೋಲಾರದಿಂದ ದೊಡ್ಡವರೊಬ್ಬರು ಅತಿಥಿಯಾಗಿ ಬರುವವರಿದ್ದರು. ವಿಡಿಯೋದವನಿಗೂ ಹೇಳಿ ಆಗಿತ್ತು. ಆ ಬಟ್ಟೆಯಿಂದ ವಾಸನೆ ಬರುತ್ತಿತ್ತು. ಕಾಫಿ ಕುಡಿಯುವಷ್ಟು ಹೊತ್ತಿನಲ್ಲೇ ಕೋಣೆಯೆಲ್ಲ ತುಂಬಿತ್ತು. ವೇದಿಕೆಯ ಮೇಲೆ ಎಲ್ಲರ ಎದುರಿಗೆ ಅದನ್ನು ಬಿಚ್ಚುವುದನ್ನು ನೆನೆದೆ. ಈ ವಯಸ್ಸಿನಲ್ಲಿ ಮುದುಕನಿಗೂ ಮುಂದೆ ಕೂರುವ ಆಸೆ ಬಂದಿದೆ ಎಂದುಕೊಂಡೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಆದರೆ ಹಾಗೆ ಅಂದುಕೊಂಡದ್ದು ನಿಜ.

“ಮುಂದಿನ ವರ್ಷ ನೋಡೋಣ ಮೇಸ್ತ್ರಣ್ಣ” ಎಂದೆ. “ಈಗ ಕುರ್ಚಿ ಬಾಡಿಗೆಗೆ ಹೇಳೋಕೆ ಹೋಗ್ಬೇಕು.”

“ಆಯ್ತು. ಅಂಗೇ ಆಗ್ಲಿ ಬುಡಿ.”

ಅವರು ಬಸ್ಸಿಗೆ ಹೋದ ಮೇಲೆ ನನ್ನ ಹೆಂಡತಿ ಕಿಟಕಿ ತೆರೆಯುತ್ತ, “ಬಿಚ್ಚಿ ನೋಡಿದ್ರೆ ನಿಮ್ ಕೈ ಸವೆದೋಗ್ತಿತ್ತಾ?” ಎಂದಳು.

“ನಿಂಗೇನು ಗೊತ್ತು, ಸುಮ್ನಿರು” ಎಂದೆ.

ಗುರುವಾರ ಎಲ್ಲ ಚೆನ್ನಾಗಿ ನಡೆಯಿತು. ಹನ್ನೆರಡು ಜನರ ಇಪ್ಪತ್ತನಾಲ್ಕು ಕಾಲುಗಳಿಗೂ ನೀರು ತಾಗಿಸಿದೆವು. ತೊಳೆದೆವು ಎನ್ನಲಾರೆ, ತೊಳೆಯುವಂಥದ್ದು ಏನೂ ಇರಲಿಲ್ಲ. ಬೇಸಿನ್ನಿನ ನೀರು ತಂದಷ್ಟೇ ತಿಳಿಯಾಗಿತ್ತು. ಮುಗಿದ ಮೇಲೆ ಅತಿಥಿಯನ್ನು ಕಾರಿನವರೆಗೆ ಬಿಡಲು ಅವರ ಪಕ್ಕದಲ್ಲಿ ನಡೆದೆ. ಬಾಗಿಲಿಗೆ ಬಂದಾಗ ಮೇಸ್ತ್ರಿ ತಮ್ಮ ಹಳೆಯ ಜಾಗದಲ್ಲಿ, ಮೆಟ್ಟಿಲ ಮೇಲೆ, ಚಪ್ಪಲಿಗಳ ನಡುವೆ ಕೂತಿದ್ದರು. ಒಂದು ಖಾಲಿ ಬಕೆಟ್ಟು ಪಕ್ಕದಲ್ಲಿತ್ತು. ಅದನ್ನು ಅವರೇ ತಂದಿದ್ದರೋ, ಅಲ್ಲೇ ಬಿದ್ದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ಮಂದಿರದಿಂದ ಹೊರಗೆ ಬಂದವರಲ್ಲಿ ನಾನೇ ಕೊನೆಯವನಾಗಿ ಅಲ್ಲಿ ನಿಲ್ಲಬಹುದಿತ್ತು. ನಾವು ದಾಟುವುದಕ್ಕೆ ಅನುಕೂಲವಾಗಲಿ ಎಂದು ಅವರು ಎಡಗಾಲನ್ನು ಎರಡು ಕೈಯಲ್ಲೂ ಹಿಡಿದು ಎತ್ತಿ ಪಕ್ಕಕ್ಕೆ ಇಟ್ಟುಕೊಂಡರು. ಸಾಮಾನು ಸರಿಸುವ ಹಾಗೆ. ನಾನು ನೋಡಿದೆ. ನೋಡಿ, ದಾಟಿ ಹೋದೆ. ಅತಿಥಿಗೆ ಏನೋ ಹೇಳುತ್ತಿದ್ದೆ, ಆ ಮಾತನ್ನೂ ನಿಲ್ಲಿಸಲಿಲ್ಲ.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಜ್ವರ ಬಂದು ಅವರನ್ನು ಕೋಲಾರದ ಒಂದು ಆಸ್ಪತ್ರೆಗೆ ಸೇರಿಸಿದರು. ಬಟ್ಟೆ ಬಿಚ್ಚಿದರೆ ಪಾದ ಕಪ್ಪಾಗಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ಸ್ವಲ್ಪ ಮುಂಚೆ ತಂದಿದ್ದರೆ ಬೆರಳಿಗೇ ಮುಗಿಯುತ್ತಿತ್ತು ಎಂದರಂತೆ ಡಾಕ್ಟರು.

ಆಸ್ಪತ್ರೆಯ ವರಾಂಡದಲ್ಲಿ ಮೇಸ್ತ್ರಿಯವರ ಮಗಳು ನನ್ನ ಪಕ್ಕ ಕೂತಳು. ಮನೆಯಲ್ಲಿ ಬಟ್ಟೆ ಹೊಲಿದು ಅಪ್ಪನನ್ನು ನೋಡಿಕೊಳ್ಳುತ್ತಿದ್ದವಳು ಅವಳೇ.

“ದಿನಾ ನಾನೇ ಕಟ್ತಿದ್ದೆ ಚಿಕ್ಕಪ್ಪ. ನಂಗೆ ಜಾಸ್ತಿ ಆಗಿದ್ದು ಕಾಣ್ಲೇ ಇಲ್ಲ. ನಿನ್ನೆ ಎಂಗಿತ್ತೋ ಇವತ್ತೂ ಅಂಗೇ ಇದ್ದಂಗಿರೋದು” ಎಂದಳು. “ಅಪ್ಪ ಯೋಳ್ತಾನೇ ಇತ್ತು. ದಿನಾ ನೋಡೋರ್ಗೆ ಗೊತ್ತಾಗಲ್ಲ ಕಣಮ್ಮ, ವರ್ಷಕ್ಕೊಂದ್ ಕಿತ ನೋಡ್ದೋರ್ಗೆ ಗೊತ್ತಾಯ್ತದೆ. ಸೆಕ್ರೆಟ್ರಿಗೆ ನನ್ ಕಾಲು ಗೊತ್ತು, ಗುರುವಾರ ನೋಡಿ ಯೋಳ್ತಾನೆ, ಆಮ್ಯಾಕೆ ಆಸ್ಪತ್ರೆಗೋಗೋಣ ಅಂತ. ನಿಮ್ಮ ಮನೆಗೂ ಬಂದಿತ್ತಂತಲ್ಲ.”

“ಬಂದಿದ್ರು” ಎಂದೆ.

“ಏನಂದ್ರಿ?”

“ಕೆಲಸ ಇತ್ತು” ಎಂದೆ.

ಅವಳು ತಲೆ ಆಡಿಸಿದಳು. ನನ್ನ ಮೇಲೆ ಅನುಮಾನವೇ ಇರಲಿಲ್ಲ ಅವಳಿಗೆ. ತಪ್ಪು ತನ್ನದೇ ಎಂದು ತೀರ್ಮಾನಿಸಿಕೊಂಡು ಕೂತಿದ್ದಳು. ನಾನು ಅದನ್ನು ಹಾಗೆಯೇ ಬಿಟ್ಟೆ. ಈ ಬರಹ ಅಚ್ಚಾದರೆ ಅವಳಿಗೆ ಗೊತ್ತಾಗುತ್ತದೆ. ಹೀಗೆ ಗೊತ್ತಾಗಬಾರದಿತ್ತು. ಅವಳ ಎದುರು ಬಾಯಿ ಬಿಡಲು ನನ್ನಿಂದ ಆಗಲಿಲ್ಲ.

ಒಳಗೆ ಹೋದೆ. ಮೇಸ್ತ್ರಿ ಮಂಚದ ಮೇಲೆ ಮಲಗಿ ಚಾವಣಿ ನೋಡುತ್ತಿದ್ದರು. ಹೊದಿಕೆ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಚಪ್ಪಟೆಯಾಗಿತ್ತು.

“ಯಾರು, ತಂಬಿನಾ?” ಎಂದರು. ಎಷ್ಟೋ ವರ್ಷದ ಮೇಲೆ ತಂಬಿ ಎಂದದ್ದು.

“ಹೂಂ.”

“ಒಂದ್ ಕಾಲ್ನ ಮುಂದೆ ಕಳ್ಸಿದೀನಿ ಕಣ್ಲಾ. ಅಲ್ಲಿ ಕಲ್ಲು ಗಟ್ಟಿ ಅದೋ ಇಲ್ವೋ ತಟ್ ನೋಡ್ಕೊಂಡಿರ್ಲಿ. ಆಮ್ಯಾಕೆ ನಾನ್ ಓಗ್ತೀನಿ.”

ನಾನು ತಪ್ಪಾಯಿತು ಎನ್ನಬೇಕಿತ್ತು. ಆ ಮಾತು ನನ್ನ ಬಾಯಿಯವರೆಗೂ ಬಂದಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಅಲ್ಲಿಯವರೆಗೂ ಬರಲಿಲ್ಲ. ಮಂಚದ ಕಂಬಿ ಹಿಡಿದು ನಿಂತಿದ್ದೆ, ಅದು ತಣ್ಣಗಿತ್ತು. ಊಟ ಮಾಡಿದೆಯಾ ಎಂದು ಅವರು ಕೇಳಿದರು. ಮಾಡಿದೆ ಎಂದೆ, ಮಾಡಿರಲಿಲ್ಲ.

ಆಮೇಲೂ ಅವರು ಕೆಲವು ವರ್ಷ ಬದುಕಿದ್ದರು. ಯಾರಾದರೂ ಹೊತ್ತು ತಂದು ಮಂದಿರದ ಕೊನೆಯ ಬೆಂಚಿನಲ್ಲಿ ಕೂರಿಸುತ್ತಿದ್ದರು. ಕಾಲು ತೊಳೆಯುವ ಗುರುವಾರಗಳು ಬಂದವು, ಹೋದವು. ಅವರು ಮತ್ತೆ ಕೇಳಲಿಲ್ಲ. ಉಳಿದ ಕಾಲನ್ನಾದರೂ ತೊಳೆಯಬಹುದಿತ್ತು. ಹಾಗೆ ಮಾಡಿದರೆ ಅವರಿಗೆ ನೆನಪಾಗುತ್ತದೆ ಎಂದು ನನಗೆ ನಾನೇ ನೆವ ಹೇಳಿಕೊಂಡೆ. ಕಾರ್ಯದರ್ಶಿ ಕೆಲಸ ಬಿಟ್ಟೆ, ಮಂಡಿನೋವು ಎಂದೆ. ಎಲ್ಲರೂ ನಂಬಿದರು. ಬೀಳ್ಕೊಡುವ ದಿನ ಶಾಲು ಹೊದಿಸಿದರು. ನನ್ನನ್ನು ಒಳ್ಳೆಯ ಮುಂದಾಳು ಎಂದು ಹೊಗಳಿದವರ ಮಾತು ಮೈಕಿನಲ್ಲಿ ಹೊರಗಿನ ಲೈನಿಗೂ ಕೇಳಿಸಿತಂತೆ. ಮೇಸ್ತ್ರಿ ಹಿಂದಿನಿಂದ ಚಪ್ಪಾಳೆ ತಟ್ಟಿದರು, ಎಲ್ಲರೂ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು.

ಅವರ ಸುದ್ದಿ ಬಂದಾಗ ನಾನು ಬಂಗಾರಪೇಟೆಯ ಸಂತೆಯಲ್ಲಿದ್ದೆ. ಚೀಲದಲ್ಲಿ ತರಕಾರಿ ಇತ್ತು. ಅದನ್ನು ಹಿಡಿದುಕೊಂಡೇ ಬಸ್ಸು ಹತ್ತಿದೆ. ನಂದಿದುರ್ಗದಲ್ಲಿ ಇಳಿದು ಅವರ ಮನೆಗೆ ಹೋಗುವಷ್ಟರಲ್ಲಿ ಬೇತಮಂಗಲದ ಕಡೆಯ ನೆಂಟರು, ಸಭೆಯವರು, ಎಲ್ಲರೂ ಬಂದು ಸೇರಿದ್ದರು. ಪೆಟ್ಟಿಗೆಯೂ ಬಂದಿತ್ತು. ನಾನು ಕೊನೆಗೆ ಬಂದೆ.

ಪೆಟ್ಟಿಗೆಗೆ ಇಡುವ ಮೊದಲು ಮೈ ತೊಳೆಯಬೇಕು. ಗಂಡಸರು ಮೈ ತೊಳೆದು ಮುಗಿಸಿದ್ದರು. ಮಗಳು ಒಂದು ಬಕೆಟ್ಟು ನೀರು ತಂದು ನನ್ನ ಮುಂದೆ ಇಟ್ಟಳು.

“ಕಾಲು ನೀವೇ ತೊಳೀರಿ ಚಿಕ್ಕಪ್ಪ. ಅಪ್ಪ ಯೋಳ್ತಿತ್ತು, ಮುಂಚೆ ಯಾವಾಗ್ಲೂ ನೀವೇ ತೊಳೀತಿದ್ರಿ ಅಂತ.”

ನೆಲದ ಮೇಲೆ ಕೂತೆ. ಬಲಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹಿಮ್ಮಡಿಯ ಸೀಳು ಹಾಗೆಯೇ ಇತ್ತು, ಅದರೊಳಗೆ ಗಣಿಯ ಬೂದುಬಣ್ಣ ಹಾಗೆಯೇ ಇತ್ತು. ಹೆಬ್ಬೆರಳಿನಿಂದ ಉಜ್ಜಿದೆ. ಬೆರಳ ಸಂದಿಗಳನ್ನು ಒಂದೊಂದಾಗಿ ತೊಳೆದೆ. ಹೊರಗೆ ಯಾರೋ ಹಾಡು ಎತ್ತಿದರು, ಎಲ್ಲರೂ ಸೇರಿದರು, ಎಲ್ಲರೂ ಒಟ್ಟಿಗೇ ಮುಗಿಸಿದರು. ಟವಲಿನಿಂದ ಒರೆಸಿ ಆ ಕಾಲನ್ನು ಮೆಲ್ಲನೆ ಕೆಳಗಿಟ್ಟೆ.

ಆಮೇಲೆ ಕೈಯನ್ನು ನೀರಿನಲ್ಲಿ ಅದ್ದಿ, ಮುಂದೆ ಚಾಚಿಕೊಂಡು ಕೂತಿದ್ದೆ. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಆಯ್ತಲ್ಲ ಚಿಕ್ಕಪ್ಪ” ಎಂದಳು ಮಗಳು. “ಇನ್ನೊಂದಿಲ್ಲ. ಏಳಿ.”